ಯಾವ ದೇಶದವಳು ನೀನು?

ಕಳೆದ ವರ್ಷ ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳನ್ನು ತಾಲ್ಲೂಕು ಕ್ರೀಡಾಕೂಟಕ್ಕೆ ಕರೆದುಕೊಂಡು ಹೋಗಿದ್ದೆ. ಇನ್ನೂರು ಮೀಟರ್ ಓಟದಲ್ಲಿ ಮೊದಲಿಗಳಾಗಿ ಬಂದಳು. ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದವಳನ್ನು ಬೇರೆ ಶಾಲೆಯ ಹುಡುಗನೊಬ್ಬ ಕೇಳಿದ, "ಯಾವ ದೇಶದವಳು ನೀನು?" ಅವನ ದನಿಯಲ್ಲಿ ಕುಹಕವಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. "ಯಲ್ಲಾಪುರದವಳು" ಎಂದಳು. "ಅಲ್ಲ, ಅದಕ್ಕೂ ಮೊದಲು?" ಎಂದ. ಅವಳು ತಿರುಗಿ ನನ್ನ ಮುಖ ನೋಡಿದಳು. ಆ ಪ್ರಶ್ನೆಗೆ ಉತ್ತರವನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಅವನಿಗೂ ಯಾರೂ ಕಲಿಸಿರಲಿಲ್ಲ.

ಅವಳು ಸಿದ್ದಿ ಸಮುದಾಯದ ಹುಡುಗಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾದ ಕಾಡಂಚಿನ ಊರುಗಳಲ್ಲಿ, ಆಚೆ ಕಲಘಟಗಿ ಮತ್ತು ಖಾನಾಪುರದ ಕಡೆ, ತಲೆಮಾರುಗಳಿಂದ ಬದುಕಿರುವ ಜನ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ನಮ್ಮ ಶಾಲೆಯ ಸಿದ್ದಿ ಮಕ್ಕಳು ಮನೆಯಲ್ಲಿ ಕೊಂಕಣಿ ಬೆರೆತ ತಮ್ಮದೇ ಮಾತನಾಡುತ್ತಾರೆ, ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಹಿರಿಯರು ಆಫ್ರಿಕಾದಿಂದ ಬಂದವರು ಎಂಬುದು ಊರಿಗೆಲ್ಲ ಗೊತ್ತು. ಹೇಗೆ ಬಂದರು, ಯಾರು ತಂದರು, ಬಂದ ಮೇಲೆ ಏನು ಮಾಡಿದರು ಎಂದು ಕೇಳಿದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ.

ಶಾಲೆ ಈ ಮಕ್ಕಳನ್ನು ಗುರುತಿಸುವುದು ಎರಡೇ ಸಂದರ್ಭಗಳಲ್ಲಿ. ಕ್ರೀಡಾಕೂಟ ಬಂದಾಗ "ನೀನು ಓಡು", ಪ್ರತಿಭಾ ಕಾರಂಜಿ ಬಂದಾಗ "ನೀವು ಡಮಾಮಿ ಕುಣಿಯಿರಿ". 1987ರಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಹುಡುಕಿ ತರಬೇತಿ ಕೊಟ್ಟಿತು, ಕೆಲವೇ ವರ್ಷಗಳಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಓಟವಾಗಲಿ ಕುಣಿತವಾಗಲಿ ಕಡಿಮೆಯದು ಎಂದು ನಾನು ಹೇಳುವುದಿಲ್ಲ. ಆ ಕುಣಿತದ ಡಮಾಮು ಎಂಬ ವಾದ್ಯದ ಪೆಟ್ಟು ಕೇಳಿದರೆ ನನ್ನ ಎದೆಯೂ ನಡುಗುತ್ತದೆ. ಆದರೆ ಒಂದು ಮಗುವಿನ ಕಾಲುಗಳನ್ನಷ್ಟೇ ನೋಡಿ ಅದರ ಚರಿತ್ರೆಯನ್ನು ನೋಡದ ಶಾಲೆ, ಆ ಮಗುವನ್ನು ಪೂರ್ತಿಯಾಗಿ ಒಳಗೆ ಕರೆದುಕೊಂಡಿಲ್ಲ.

ನಾವು ಪ್ರವಾಸಕ್ಕೆ ವಿಜಯಪುರಕ್ಕೆ ಹೋಗುತ್ತೇವೆ. ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳುತ್ತೇವೆ. ಆ ಗುಮ್ಮಟದ ಕೆಳಗೆ ಮಲಗಿರುವ ಮೊಹಮ್ಮದ್ ಆದಿಲ್ ಶಾಹನ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಮಂತ್ರಿ ಎಷ್ಟು ಬಲಶಾಲಿಯಾಗಿದ್ದನೆಂದರೆ, ಸುಲ್ತಾನನ ಜೊತೆಯಲ್ಲೇ ಅವನ ಚಿತ್ರಗಳನ್ನೂ ಬರೆದಿದ್ದಾರೆ. ಆಗ ಹಬ್ಶಿ ಎಂದರೆ ಆಫ್ರಿಕಾದಿಂದ ಬಂದವನು ಎಂದು ಅರ್ಥ. ಅಲ್ಲೇ ಹತ್ತಿರದ ಇಬ್ರಾಹಿಂ ರೋಜಾದ ನಿರ್ಮಾಣದ ಜೊತೆ ಸೇರಿಕೊಂಡಿರುವ ಮಲಿಕ್ ಸಂದಲ್‌ನ ಹೆಸರೂ ಒಬ್ಬ ಹಬ್ಶಿಯದೇ. ಐದು ಸಲ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ನಾಲ್ಕು ಸಲ ಈ ಹೆಸರುಗಳನ್ನು ಹೇಳದೆಯೇ ವಾಪಸು ಕರೆತಂದಿದ್ದೇನೆ.

ಇನ್ನು ಮಲಿಕ್ ಅಂಬರ್. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಹುಡುಗ. ಚಿಕ್ಕಂದಿನಲ್ಲೇ ಗುಲಾಮನಾಗಿ ಮಾರಾಟವಾಗಿ, ಕೈಯಿಂದ ಕೈಗೆ ದಾಟುತ್ತಾ ಬಾಗ್ದಾದಿನ ಮೂಲಕ ದಖ್ಖನಕ್ಕೆ ಬಂದ. ಅಹಮದ್‌ನಗರದಲ್ಲಿ ಅವನನ್ನು ಕೊಂಡ ಮಂತ್ರಿ ಚಂಗೀಜ್ ಖಾನನೂ ಒಂದು ಕಾಲದಲ್ಲಿ ಗುಲಾಮನಾಗಿದ್ದ ಹಬ್ಶಿಯೇ. ಮುಂದೆ ಇದೇ ಅಂಬರ್ ಅಹಮದ್‌ನಗರದ ನಿಜಾಮಶಾಹಿ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಂಡು, 1626ರಲ್ಲಿ ಸಾಯುವವರೆಗೆ ಮೊಘಲರನ್ನು ಕಾಡಿದ. ಖಡಕಿ ಎಂಬ ಊರನ್ನು ರಾಜಧಾನಿಯಾಗಿ ಕಟ್ಟಿದ. ಮುಂದೆ ಔರಂಗಾಬಾದ್ ಎಂದು ಹೆಸರಾದದ್ದು ಅದೇ ಊರು. ಅಲ್ಲಿ ನೆಲದಡಿಯಲ್ಲಿ ಅವನು ತೋಡಿಸಿದ ನೀರಿನ ಕಾಲುವೆಯನ್ನು ಈಗಲೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅವನನ್ನು ಸೋಲಿಸಲಾಗದ ಜಹಾಂಗೀರ್, ಈಟಿಗೆ ಸಿಕ್ಕಿಸಿದ ಅಂಬರನ ತಲೆಗೆ ತಾನು ಬಾಣ ಬಿಡುತ್ತಿರುವ ಹಾಗೆ ಚಿತ್ರ ಬರೆಸಿಕೊಂಡ! ಐದನೆಯ ಪ್ರವಾಸದ ಬಸ್ಸಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಸೀಟಿನ ಮಕ್ಕಳೆಲ್ಲ ಮುಂದೆ ಬಂದು ನಿಂತರು.

ಆದರೂ ಅಂಬರನ ಕಥೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ. ನಮ್ಮ ಕಾಡಿನ ಸಿದ್ದಿಗಳಲ್ಲಿ ಅನೇಕರ ಪೂರ್ವಿಕರು ದರ್ಬಾರಿನವರಲ್ಲ. ಪೋರ್ಚುಗೀಸರು ಗೋವೆಗೆ ತಂದ ಗುಲಾಮರು, ಮಾಲೀಕರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. "ಓಡಿಬಂದವರು" ಎಂದು ನಮ್ಮ ಕಡೆ ಸ್ವಲ್ಪ ತಗ್ಗಿಸಿಯೇ ಹೇಳುತ್ತಾರೆ. ಯೋಚಿಸಿ ನೋಡಿ. ಭಾಷೆ ಗೊತ್ತಿಲ್ಲ, ದಾರಿ ಗೊತ್ತಿಲ್ಲ, ಹಿಂದೆ ಬೇಟೆಯಾಡುವವರು, ಮುಂದೆ ಹುಲಿಯಿರುವ ಕಾಡು. ಅಂಥ ಕಾಡಿಗೆ ನುಗ್ಗಿ ಬದುಕು ಕಟ್ಟಿದ್ದು ಯಾವ ರಾಜನ ದಂಡಯಾತ್ರೆಗಿಂತ ಕಡಿಮೆ?

ಇದೇ ಪೋರ್ಚುಗೀಸರು ಸಮುದ್ರದಾಚೆಯ ಬ್ರೆಜಿಲ್‌ಗೂ ಆಫ್ರಿಕಾದ ಜನರನ್ನು ಸಾಗಿಸಿದರು. ಅಲ್ಲಿಯೂ ತಪ್ಪಿಸಿಕೊಂಡವರು ಕಾಡಿನೊಳಗೆ ಊರು ಕಟ್ಟಿದರು. ಪಲ್ಮಾರೆಸ್ ಎಂಬ ಅಂಥ ನೆಲೆಯ ನಾಯಕ ಜುಂಬಿಯನ್ನು 1695ರ ನವೆಂಬರ್ 20ರಂದು ಕೊಂದರು. ಆ ದಿನ ಈಗ ಬ್ರೆಜಿಲ್‌ನಲ್ಲಿ ರಾಷ್ಟ್ರೀಯ ರಜೆ. ಆಫ್ರಿಕಾದ ಮತ್ತು ಆಫ್ರಿಕಾ ಮೂಲದ ಬ್ರೆಜಿಲಿಯನ್ನರ ಚರಿತ್ರೆಯನ್ನು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಶಾಲೆಗಳಲ್ಲೂ ಕಲಿಸಬೇಕೆಂದು ಅಲ್ಲಿ ಕಾನೂನು ಬಂದದ್ದೂ 2003ರಲ್ಲೇ. ಅದೇ ವರ್ಷ ನಾವು ಸಿದ್ದಿಗಳಿಗೆ ಜಾತಿ ಪ್ರಮಾಣಪತ್ರದ ಹಕ್ಕು ಕೊಟ್ಟೆವು. ಅದು ದೊಡ್ಡದು, ಹೋರಾಡಿ ಪಡೆದದ್ದು. ಅದರ ಜೊತೆಗೆ ಒಂದು ಪಾಠವನ್ನೂ ಕೊಡಬಹುದಿತ್ತು.

"ಎಲ್ಲ ಶಾಲೆಗಳಲ್ಲೂ" ಎಂಬ ಮಾತನ್ನು ಗಮನಿಸಬೇಕು. ಇದು ಸಿದ್ದಿ ಮಕ್ಕಳನ್ನು ಪಕ್ಕಕ್ಕೆ ಕೂರಿಸಿ ಮಾಡುವ ಪಾಠವಲ್ಲ. ನಲ್ಲಿಯ ಹತ್ತಿರ ಪ್ರಶ್ನೆ ಕೇಳಿದ ಹುಡುಗನಿಗೇ ಈ ಪಾಠ ಮೊದಲು ಬೇಕು. ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು, "ಇದನ್ನೆಲ್ಲ ಎತ್ತಿದರೆ ಅವರು ಬೇರೆಯವರು ಎಂದು ನಾವೇ ತೋರಿಸಿದಂತೆ ಆಗುವುದಿಲ್ಲವೇ ಅಕ್ಕೋರೆ?" ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಕೂದಲು ಮುಟ್ಟಿ ನೋಡುವ ಕೈಗಳು, ಬಸ್ ನಿಲ್ದಾಣದಲ್ಲಿ ತಿರುಗಿ ನೋಡುವ ಕಣ್ಣುಗಳು ಆ ಮಗುವಿಗೆ ದಿನವೂ ಅದನ್ನೇ ಹೇಳುತ್ತಿವೆ. ನಾವು ಬಾಯಿ ಮುಚ್ಚಿಕೊಂಡಿದ್ದರೆ ಅದಕ್ಕೆ ಉಳಿಯುವುದು ಆ ಕಣ್ಣುಗಳು ಹೇಳಿದ್ದು ಮಾತ್ರ. ನಾಲ್ಕು ಶತಮಾನಗಳ ಹಿಂದೆಯೇ ಈ ನೆಲದಲ್ಲಿ ಆಫ್ರಿಕಾದ ಜನ ಆಳಿದ್ದರು, ದುಡಿದಿದ್ದರು, ಬಿಡುಗಡೆಗಾಗಿ ಕಾಡು ಹೊಕ್ಕಿದ್ದರು ಎಂದು ತಿಳಿದ ಹುಡುಗ "ಯಾವ ದೇಶದವಳು" ಎಂದು ಕೇಳಲಾರ.

ಪಠ್ಯಪುಸ್ತಕ ಬದಲಾಗುವುದು ನನ್ನ ಕೈಯಲ್ಲಿಲ್ಲ. ಶನಿವಾರದ ಕೊನೆಯ ಅವಧಿ ನನ್ನ ಕೈಯಲ್ಲಿದೆ. ಮೊನ್ನೆ ಆ ಹುಡುಗಿಯ ಅಜ್ಜಿಯನ್ನು ಶಾಲೆಗೆ ಕರೆಸಿದ್ದೆ. ಹೆಗಲ ಮೇಲೆ ಕೌದಿ ಹೊತ್ತು ಬಂದರು. ಹಳೆಯ ಸೀರೆ, ಲಂಗ, ಅಂಗಿಗಳ ತುಂಡುಗಳು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುವ ಹೊಲಿಗೆ. ನಾಲ್ಕು ಮೂಲೆಗಳಲ್ಲಿ ಬಟ್ಟೆ ಮಡಚಿ ಕೂರಿಸಿದ ಹೂವುಗಳನ್ನು ಮುಟ್ಟಿ ತೋರಿಸಿ, ಇವಿಲ್ಲದಿದ್ದರೆ ಕೌದಿ ಬೆತ್ತಲೆ ಎಂದರು. ಮಕ್ಕಳು ಮೊದಲು ನಕ್ಕರು, ಆಮೇಲೆ ಸೂಜಿ ಕೇಳಿದರು. ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು, ದಾರ ಪೋಣಿಸಲು ಬಾರದ ಹುಡುಗರಿಗೆ ಗದರಿಸುತ್ತಾ ಹೇಳಿಕೊಡುತ್ತಿದ್ದಳು. ಬರುವ ಶನಿವಾರಕ್ಕೆ ಎಲ್ಲರೂ ಮನೆಯಿಂದ ಒಂದೊಂದು ಹಳೆಯ ಬಟ್ಟೆಯ ತುಂಡು ತರುವಂತೆ ಅಜ್ಜಿ ಹೇಳಿ ಹೋಗಿದ್ದಾರೆ.