"ಸ್ವಲ್ಪ ಹಚ್ಚಿ" ಅಂದರೆ ಎಷ್ಟು ಸ್ವಾಮೀ?

ಈಗಷ್ಟೇ ಒಂದು ರೀಲ್ ನೋಡಿದೆ. ಮೊಣಕೈಯ ಒಳಮಡಿಕೆ ಕೆಂಪಗೆ ಬಿರಿದಿದೆ, ಅಲ್ಲಲ್ಲಿ ರಸ ಒಸರುತ್ತಿದೆ, ಇಸುಬು (ಎಕ್ಸಿಮಾ) ಅಂತ ಯಾರಿಗಾದರೂ ಗೊತ್ತಾಗುವಂಥ ಚರ್ಮ. ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಅಡುಗೆ ಸೋಡಾ ಉದುರಿಸಿ, ಬೆರಳಲ್ಲಿ ಉಜ್ಜಿ, "ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ, ಪೂರ್ತಿ ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ" ಅಂತ ನಗುನಗುತ್ತಾ ಹೇಳುತ್ತಾರೆ. ಕೆಳಗೆ ಸಾಲುಸಾಲು ಕೈಮುಗಿದ ಇಮೋಜಿ.

ನಾನು ಈ ವಿಷಯ ಎತ್ತಿದರೆ ನಿಮ್ಮಲ್ಲಿ ಅರ್ಧ ಜನ "ಶುರುವಾಯ್ತು" ಅಂತ ಮುಂದೆ ಹೋಗುತ್ತೀರಿ. ಹೋಗಿ. ಉಳಿದವರಿಗೆ ನನ್ನ ತಕರಾರು ಒಂದೇ. ಮನೆಮದ್ದಿನ ಮೇಲೆ ನನಗೆ ಸಿಟ್ಟಿಲ್ಲ, ಅಳತೆಯಿಲ್ಲದ ಮನೆಮದ್ದಿನ ಮೇಲಿದೆ. ಎಷ್ಟು? ಎಷ್ಟು ಹೊತ್ತು? ಯಾವಾಗ ನಿಲ್ಲಿಸಬೇಕು? ಒಂದು ಉಪ್ಪಿನಕಾಯಿಗೂ ಇದಕ್ಕಿಂತ ಸರಿಯಾದ ಅಳತೆ ಹೇಳುತ್ತಾರೆ.

ಆ ನಿಂಬೆ-ಸೋಡಾ ಕತೆಯನ್ನೇ ನೋಡಿ. ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕೆಳಗಾದರೆ ಆಮ್ಲ, ಮೇಲಾದರೆ ಕ್ಷಾರ. ಆರೋಗ್ಯವಂತ ಚರ್ಮದ ಮೇಲ್ಮೈಯ ಪಿಎಚ್ ಸುಮಾರು 4.5ರಿಂದ 5.5. ನಿಂಬೆರಸದ್ದು 2ರ ಆಸುಪಾಸು, ಸೋಡಾ ನೀರಿನದ್ದು 8 ದಾಟುತ್ತದೆ. ಪಿಎಚ್‌ನಲ್ಲಿ ಒಂದಂಕಿ ಆಚೀಚೆ ಆದರೆ ಹತ್ತು ಪಟ್ಟು ವ್ಯತ್ಯಾಸ. ಎರಡೂ ಸೇರಿ ಬುರುಬುರು ನೊರೆ ಬಂದಾಗ "ನೋಡಿ, ಕೆಲಸ ಮಾಡ್ತಿದೆ" ಅನ್ನುತ್ತಾರಲ್ಲ, ಅದು ಬರೀ ಇಂಗಾಲದ ಡೈಆಕ್ಸೈಡ್. ಯಾವುದು ಎಷ್ಟು ಉಳಿಯಿತು ಅನ್ನುವುದರ ಮೇಲೆ ಚರ್ಮಕ್ಕೆ ಆಮ್ಲದ ಉರಿಯೋ ಕ್ಷಾರದ ಉರಿಯೋ ತೀರ್ಮಾನವಾಗುತ್ತದೆ. ಅದರ ಮೇಲೆ ಬಿಸಿಲಿಗೆ ಹೋದರೆ ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಕೆಲವು ಸಂಯುಕ್ತಗಳಿಂದ ಬೊಬ್ಬೆಯೇ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು.

ಇಸುಬು ಕೊಳೆಯಲ್ಲ, ತಿಕ್ಕಿದರೆ ಹೋಗುವುದಕ್ಕೆ. ಅದು ಗೋಡೆ ಸೋರುವ ಕಾಯಿಲೆ. ಚರ್ಮದ ಹೊರಪದರವನ್ನು ಬಿಗಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಅದರ ಜೀನಿನ ದೋಷಕ್ಕೂ ಇಸುಬಿಗೂ ಇರುವ ನಂಟು 2006ರಲ್ಲಿ ಪತ್ತೆಯಾಯಿತು. ಎಲ್ಲ ರೋಗಿಗಳಲ್ಲೂ ಆ ದೋಷ ಇರುವುದಿಲ್ಲ, ಆದರೆ ಗೋಡೆ ದುರ್ಬಲವಾಗಿರುವುದು ಮಾತ್ರ ಸಾಮಾನ್ಯ. ಒಳಗಿನ ನೀರು ಹೊರಗೆ, ಹೊರಗಿನ ಕಿರಿಕಿರಿ ಒಳಗೆ. ಹಾಗಾಗಿ ಮನೆಯಲ್ಲಿ ಮಾಡಬೇಕಾದದ್ದು ರಿಪೇರಿ ಕೆಲಸ: ನೀರು ತುಂಬಿಸುವುದು, ಮುಚ್ಚುವುದು, ಮತ್ತೆ ಒಡೆಯದಂತೆ ನೋಡಿಕೊಳ್ಳುವುದು. ದಿನಾ ಮಾಡಬೇಕು. ರೀಲ್‌ಗೆ ಆಗುವಷ್ಟು ರೋಚಕವಲ್ಲ.

ಸ್ನಾನದಿಂದ ಶುರು ಮಾಡೋಣ. ಉಗುರುಬೆಚ್ಚಗಿನ ನೀರು, 5ರಿಂದ 10 ನಿಮಿಷ. ಸುಡುಸುಡು ನೀರು ಹಾಕಿಕೊಂಡಾಗ ತುರಿಕೆಗೆ ಏನು ಸುಖ ಅನಿಸುತ್ತದೆ ಅಂತ ಗೊತ್ತು. ಆಮೇಲೆ ಬಡ್ಡಿ ಸಮೇತ ವಾಪಸ್ ಬರುತ್ತದೆ, ಯಾಕೆಂದರೆ ಬಿಸಿ ನೀರು ಚರ್ಮದ ಜಿಡ್ಡನ್ನು ಕರಗಿಸಿಕೊಂಡು ಹೋಗುತ್ತದೆ. ಮಾಮೂಲಿ ಸಾಬೂನಿನ ಪಿಎಚ್ 9-10. ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಸೌಮ್ಯವಾದ, ವಾಸನೆಯಿಲ್ಲದ ಕ್ಲೆನ್ಸರ್ ಸಾಕು, ಉಳಿದ ಮೈಗೆ ನೀರೇ ಸಾಕು. ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ನೀರು ಹೀರಿಸಿ. ಚರ್ಮ ಇನ್ನೂ ಹಸಿಹಸಿ ಇರುವಾಗಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಿ. ಬಟ್ಟೆ ಹಾಕಿ, ಫೋನ್ ನೋಡಿ, ಆಮೇಲೆ ಹಚ್ಚಿದರೆ ಒಣಗಿದ ಗೋಡೆಗೆ ಸುಣ್ಣ ಬಳಿದಂತೆ.

ಮತ್ತೆ ಎಷ್ಟು? ಮೈತುಂಬ ಇಸುಬು ಇರುವ ವಯಸ್ಕರಿಗೆ ವಾರಕ್ಕೆ ಸುಮಾರು 500 ಗ್ರಾಂ, ಮಕ್ಕಳಿಗೆ 250ರಿಂದ 500 ಗ್ರಾಂ. ಹೌದು, ಅರ್ಧ ಕಿಲೋ, ಓದಿದ್ದು ಸರಿಯಾಗಿದೆ. ಕಡಲೆಕಾಳಿನಷ್ಟು ತೆಗೆದು ಎರಡೂ ಕಾಲಿಗೆ ಸವರಿ "ಏನೂ ಉಪಯೋಗ ಇಲ್ಲ" ಅನ್ನುವವರೇ ಜಾಸ್ತಿ. ಕೂದಲು ಬೆಳೆದ ದಿಕ್ಕಿನಲ್ಲೇ ಕೆಳಮುಖವಾಗಿ ಸವರಿ. ಎದುರು ಉಜ್ಜಿದರೆ ಕೂದಲ ಬುಡದಲ್ಲಿ ಗುಳ್ಳೆ ಏಳಬಹುದು. ಡಬ್ಬಿಯೊಳಗೆ ಬೆರಳು ಹಾಕಬೇಡಿ, ಒಣ ಚಮಚದಲ್ಲಿ ತೆಗೆಯಿರಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾಕ್ಕೆ ಆ ಡಬ್ಬಿಯೇ ಮನೆ. ಕ್ರೀಮೋ ಲೋಷನ್ನೋ ಜೆಲ್ಲೋ ಮುಲಾಮೋ ಅಂತ ಜಗಳ ಬೇಡ. 550 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ನಾಲ್ಕು ಬಗೆಯವೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ನೀವು ಬೇಸರವಿಲ್ಲದೆ ದಿನಾ ಹಚ್ಚುವಂಥದ್ದೇ ಒಳ್ಳೆಯದು. ಇನ್ನೊಂದು ಎಚ್ಚರ: ಜಿಡ್ಡು ಹೀರಿದ ಬಟ್ಟೆ, ಬ್ಯಾಂಡೇಜು, ಹೊದಿಕೆ ಬೆಂಕಿಗೆ ತಕ್ಷಣ ಹತ್ತಿಕೊಳ್ಳುತ್ತದೆ. ಒಲೆ, ಸಿಗರೇಟಿನಿಂದ ದೂರವಿರಿ. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ.

ಈಗ ಅಡುಗೆಮನೆ ಸಾಮಾನಿಗೆ ಬರುತ್ತೇನೆ. ನಾನು ಕಣ್ಣುಮುಚ್ಚಿ ಒಪ್ಪುವ ಒಂದಿದ್ದರೆ ಅದು ಓಟ್ಸ್ ನೀರು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ನುಣ್ಣಗಿನ ಓಟ್ಸ್ ಪುಡಿಯನ್ನು ಚರ್ಮರಕ್ಷಕ ಅಂತ ಒಪ್ಪಿಕೊಂಡಿತು, ಅದೂ ಕನಿಷ್ಠ 0.007 ಶೇಕಡಾ ಇರಬೇಕು ಅಂತ ಅಳತೆ ಬರೆದು. ನೋಡಿದಿರಾ, ಅಳತೆ!

ಮಾಡುವುದು ಹೀಗೆ. ಸಕ್ಕರೆ, ಉಪ್ಪು, ಸುವಾಸನೆ ಏನೂ ಇಲ್ಲದ ಸಾದಾ ಓಟ್ಸ್ ಒಂದು ಕಪ್. ಪೂರ್ತಿ ಒಣಗಿದ ಮಿಕ್ಸಿ ಜಾರಿನಲ್ಲಿ ಹಿಟ್ಟಾಗುವವರೆಗೆ ಬೀಸಿ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಹಾಕಿ ಕಲಕಿ ನೋಡಿ. ನೀರು ಹಾಲಿನಂತಾಗಿ ಹಾಗೇ ನಿಂತರೆ ಸರಿ, ಮರಳಿನಂತೆ ತಳಕ್ಕಿಳಿದರೆ ಮತ್ತೆ ಬೀಸಿ. ಹೆಚ್ಚಿನವರು ತಪ್ಪುವುದು ಇಲ್ಲೇ: ತರಿತರಿ ಪುಡಿ ಚರ್ಮಕ್ಕೆ ಪದರವಾಗಿ ಕೂರುವುದಿಲ್ಲ, ಉಜ್ಜುಕಾಗದದಂತೆ ಗೀರುತ್ತದೆ. ಟಬ್ ಇದ್ದರೆ ಆ ಒಂದು ಕಪ್ ಪೂರ್ತಿ ಹಾಕಿ. ಕೈಕಾಲಿಗೆ ಮಾತ್ರವಾದರೆ ಐದು ಲೀಟರ್ ಬೇಸಿನ್ನಿಗೆ ಎರಡು ದೊಡ್ಡ ಚಮಚ. 10ರಿಂದ 15 ನಿಮಿಷ, ಹೆಚ್ಚು ಬೇಡ. ನೀರು ಬಿಸಿಯಾದರೆ ಪುಡಿ ಗಂಜಿ ಕಟ್ಟಿ ಗಂಟಾಗುತ್ತದೆ. ಆಮೇಲೆ ಸಾಬೂನು ಹಾಕಿ ತೊಳೆದರೆ ಮಾಡಿದ್ದೆಲ್ಲ ಚರಂಡಿಗೆ. ಟಬ್ಬು, ನೆಲ ಎರಡೂ ಜಾರುತ್ತವೆ, ವಯಸ್ಸಾದವರಿದ್ದರೆ ಹಿಡಿದುಕೊಳ್ಳಲು ಯಾರಾದರೂ ಜೊತೆಗಿರಲಿ. ಕಲಸಿ ಉಳಿದದ್ದನ್ನು ನಾಳೆಗೆ ಇಡಬೇಡಿ.

ಎಣ್ಣೆಗಳ ವಿಷಯ ಕೊಂಚ ಸಿಕ್ಕುಸಿಕ್ಕು. ತಪ್ಪೊಪ್ಪಿಗೆ: ಕೊಬ್ಬರಿ ಎಣ್ಣೆಯ ಬಗ್ಗೆ ನನಗೆ ಪಕ್ಷಪಾತ ಇದೆ. ಆದರೆ ನನ್ನ ಪಕ್ಷಪಾತಕ್ಕೆ ಅಳತೆ ಮಾಡಿದ ಸಾಕ್ಷಿಯೂ ಇದೆ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 117 ಮಕ್ಕಳಿಗೆ ಎಂಟು ವಾರ ವರ್ಜಿನ್ ಕೊಬ್ಬರಿ ಎಣ್ಣೆ ಅಥವಾ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಹಚ್ಚಿಸಿದಾಗ ಕೊಬ್ಬರಿ ಎಣ್ಣೆಯದೇ ಮೇಲುಗೈಯಾಯಿತು. ಅದು ಸೌಮ್ಯದಿಂದ ಮಧ್ಯಮ ಮಟ್ಟದ ಇಸುಬಿನಲ್ಲಿ. ರಸ ಒಸರುವ ಚರ್ಮದ ಮೇಲೆ ಅಲ್ಲ. ಎಣ್ಣೆಯಲ್ಲಿ ನೀರಿಲ್ಲ ಅನ್ನುವುದನ್ನು ಮರೆಯಬೇಡಿ, ಅದು ಇರುವ ನೀರನ್ನು ಮುಚ್ಚುತ್ತದೆ ಅಷ್ಟೇ. ಆದ್ದರಿಂದ ಸ್ನಾನದ ನಂತರ ಹಸಿ ಚರ್ಮದ ಮೇಲೆ ತೆಳ್ಳಗೆ. ಕರ್ಪೂರ ಹಾಕಿ ಕಾಯಿಸಿದ ಎಣ್ಣೆ ಬೇಡವೇ ಬೇಡ. ಬಿರಿದ ಚರ್ಮಕ್ಕೆ ಕರ್ಪೂರ ಉರಿ, ಮಕ್ಕಳ ಹೊಟ್ಟೆಗೆ ಹೋದರೆ ವಿಷ.

ಆಲಿವ್ ಎಣ್ಣೆ ಕೂಡ "ನೈಸರ್ಗಿಕ" ತಾನೇ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಯಸ್ಕರ ಮುಂಗೈಗೆ ದಿನಕ್ಕೆರಡು ಬಾರಿ ಆರಾರು ಹನಿ ಆಲಿವ್ ಎಣ್ಣೆ ಹಚ್ಚಿಸಿ ಕೆಲವು ವಾರ ನೋಡಿದರು. ಇಸುಬು ಇಲ್ಲದವರ ಚರ್ಮವೂ ಸಡಿಲವಾಗಿ ತುಸು ಕೆಂಪಾಯಿತು. ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಕಾರಣ ಒಳಗಿನ ಕೊಬ್ಬಿನಾಮ್ಲ: ಆಲಿವ್‌ನಲ್ಲಿ ಓಲಿಯಿಕ್ ಹೆಚ್ಚು, ಅದು ಹೊರಪದರವನ್ನು ಕದಡುತ್ತದೆ. ಸೂರ್ಯಕಾಂತಿಯಲ್ಲಿ ಲಿನೋಲಿಯಿಕ್ ಹೆಚ್ಚು, ಅದು ಚರ್ಮಕ್ಕೆ ಬೇಕಾದದ್ದು. ಎರಡೂ ಗಿಡದಿಂದಲೇ ಬಂದವು. ಸಂಶೋಧನೆ ಮಾಡುವವರು ಹನಿ ಎಣಿಸುತ್ತಾರೆ, ರೀಲ್ ಮಾಡುವವರು ಅಂಗೈಗೆ ಸುರಿದುಕೊಳ್ಳುತ್ತಾರೆ.

ಲೋಳೆಸರ: ಎಲೆ ಕತ್ತರಿಸಿ ಬುಡ ಕೆಳಗೆ ಮಾಡಿ ಹದಿನೈದು ನಿಮಿಷ ನಿಲ್ಲಿಸಿ, ಹಳದಿ ರಸ ಪೂರ್ತಿ ಇಳಿಯಲಿ. ಸಿಪ್ಪೆಯ ಕೆಳಗಿನ ಆ ರಸವೇ ತುರಿಕೆ ತರಿಸುವುದು. ಒಳಗಿನ ಪಾರದರ್ಶಕ ಲೋಳೆಯನ್ನು ತೊಳೆದು ಬಳಸಿ. ತಂಪೆನಿಸುತ್ತದೆ, ಆದರೆ ಅದು ಹೆಚ್ಚುಕಡಿಮೆ ನೀರೇ, ಮೇಲೆ ಜಿಡ್ಡು ಹಚ್ಚದಿದ್ದರೆ ಒಣಗಿ ಬಿಗಿಯುತ್ತದೆ. ವಿನೆಗರ್: 2019ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ಒಂದು ಕೈಯನ್ನು ನೀರಲ್ಲಿ, ಇನ್ನೊಂದನ್ನು ತೆಳುಮಾಡಿದ ಸೇಬಿನ ವಿನೆಗರ್‌ನಲ್ಲಿ ದಿನಾ ಹತ್ತು ನಿಮಿಷದಂತೆ ಹದಿನಾಲ್ಕು ದಿನ ನೆನೆಸಿದರು. ಗೋಡೆ ರಿಪೇರಿ ಆಗಲಿಲ್ಲ, ಹೆಚ್ಚಿನವರಿಗೆ ಉರಿ ಬಂತು. ಮುಗಿಯಿತು. ಟೀ ಟ್ರೀ ಎಣ್ಣೆ (ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ತೆಗೆದದ್ದು): ಬಾಟಲಿ ತೆರೆದು ಹಳೆಯದಾದಷ್ಟೂ ಅಲರ್ಜಿ ತರುವ ಗುಣ ಹೆಚ್ಚು. ಅರಿಶಿನ: ಬಟ್ಟೆಗೆ ಮಾಡುವ ಪರಿಣಾಮದಷ್ಟು ಖಚಿತವಾದ ಪರಿಣಾಮ ಇಸುಬಿಗೆ ಮಾಡುವುದಿಲ್ಲ.

"ತಲೆತಲಾಂತರದಿಂದ ಹಚ್ಚುತ್ತಿದ್ದಾರೆ, ಎಷ್ಟೋ ಜನಕ್ಕೆ ವಾಸಿಯಾಗಿದೆ, ನಿಮ್ಮದೇನು?" ಅನ್ನುವ ಕಾಮೆಂಟ್ ಬರುತ್ತಿದೆ ಅಂತ ಗೊತ್ತು. ವಾಸಿಯಾಗಿರಬಹುದು. ಇಸುಬು ಏರುತ್ತದೆ, ಇಳಿಯುತ್ತದೆ, ಅದರ ಸ್ವಭಾವವೇ ಅದು. ತುರಿಕೆ ತಾರಕಕ್ಕೇರಿದ ದಿನವೇ ತಾನೇ ಜನ ಹೊಸದೇನಾದರೂ ಹಚ್ಚುವುದು? ಮರುವಾರ ಅದು ತಾನಾಗಿ ಇಳಿದರೆ ಕೀರ್ತಿ ಅವತ್ತು ಹಚ್ಚಿದ್ದಕ್ಕೆ. ಸಗಣಿ ಹಚ್ಚಿದ್ದರೂ ಕೀರ್ತಿ ಸಗಣಿಗೇ.

"ಏನೇ ಆದರೂ ನಷ್ಟವಂತೂ ಇಲ್ಲ" ಅನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಬಿರಿದ ಚರ್ಮಕ್ಕೆ ಆಹಾರದ ಪ್ರೋಟೀನ್ ಹಚ್ಚಿದರೆ ಮೈ ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳಬಹುದು. ಜಪಾನಿನಲ್ಲಿ ಗೋಧಿಯ ಪ್ರೋಟೀನ್ ಸೇರಿಸಿದ ಮುಖದ ಸಾಬೂನೊಂದರಿಂದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿಂದರೆ ಅಲರ್ಜಿಯಾಗುವ ಸ್ಥಿತಿ ಬಂತು, ಹಿಂದೆ ಅವರೆಲ್ಲ ಗೋಧಿ ತಿಂದು ಆರಾಮಾಗಿದ್ದವರು. ಹಾಲು, ಕಡಲೆಹಿಟ್ಟು, ಮೊಟ್ಟೆ ಲೇಪ ಅಂತ ಮಗುವಿನ ಇಸುಬಿಗೆ ಮೆತ್ತುವ ಮುಂಚೆ ಇದು ನೆನಪಿರಲಿ. ಓಟ್ಸ್‌ಗೂ ಇದೇ ಮಾತು, ಅದಕ್ಕೇ ಮೊದಲು ಪರೀಕ್ಷೆ: ಮುಂಗೈ ಒಳಭಾಗದ ಚೆನ್ನಾಗಿರುವ ಚರ್ಮದಲ್ಲಿ ನಾಣ್ಯದಷ್ಟು ಜಾಗ, ದಿನಕ್ಕೆರಡು ಬಾರಿ, ಏಳು ದಿನ. "ಹತ್ತು ನಿಮಿಷ ಕಾದು ನೋಡಿ" ಅನ್ನುವವರಿಗೆ ಹೇಳಿ, ಸಂಪರ್ಕದ ಅಲರ್ಜಿ ಕಾಣಿಸಿಕೊಳ್ಳಲು ಎರಡು ಮೂರು ದಿನ ಬೇಕು.

ಇನ್ನು "ಗಿಡಮೂಲಿಕೆ ಕ್ರೀಮ್, ಮೂರೇ ದಿನದಲ್ಲಿ ಮಾಯ". 1999ರಲ್ಲಿ ಬ್ರಿಟನ್ನಿನ ವೈದ್ಯರು ರೋಗಿಗಳು ಬಳಸುತ್ತಿದ್ದ 11 ಚೀನೀ ಗಿಡಮೂಲಿಕೆ ಕ್ರೀಮ್‌ಗಳನ್ನು ಪರೀಕ್ಷಿಸಿದಾಗ ಎಂಟರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ (ಉರಿಯೂತ ತಗ್ಗಿಸುವ ಪ್ರಬಲ ಔಷಧ) ಸಿಕ್ಕಿತು. ಸ್ಟೀರಾಯ್ಡ್‌ಗೆ ಹೆದರಿ ಓಡಿದವರು ಅಳತೆಯೇ ಗೊತ್ತಿಲ್ಲದ ಸ್ಟೀರಾಯ್ಡನ್ನು ಮುಖಕ್ಕೆ ಹಚ್ಚಿಕೊಂಡರು. ವೈದ್ಯರು ಕೊಡುವ ಸ್ಟೀರಾಯ್ಡ್ ಮುಲಾಮಿಗಾದರೆ ಲೆಕ್ಕವಿದೆ: ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಟ್ಯೂಬಿನಿಂದ ಎಳೆದರೆ ಸುಮಾರು ಅರ್ಧ ಗ್ರಾಂ, ಅದು ಬೆರಳು ಸಮೇತ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಎಷ್ಟು ದಿನ, ಮೈಯ ಯಾವ ಭಾಗಕ್ಕೆ ಅನ್ನುವುದೂ ಚೀಟಿಯಲ್ಲಿರುತ್ತದೆ. ಶುರುವಿನಲ್ಲಿ ನಾನು ಕೇಳಿದ ಮೂರೂ ಪ್ರಶ್ನೆಗೆ ಉತ್ತರ.

ರಾತ್ರಿ ತುರಿಕೆಗೆ ಒದ್ದೆ ಬಟ್ಟೆ ಸುತ್ತುವುದು ನಿಜಕ್ಕೂ ಕೆಲಸ ಮಾಡುತ್ತದೆ. ಮಾಯಿಶ್ಚರೈಸರ್ ದಪ್ಪಗೆ ಹಚ್ಚಿ. ಬೆಚ್ಚಗಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆ ಒಂದು ಪದರ, ಮೇಲೆ ಒಣ ಹತ್ತಿ ಬಟ್ಟೆ ಒಂದು ಪದರ. ಕೈಕಾಲಿಗೆ ಕಾಲುಚೀಲ ಕತ್ತರಿಸಿದರೂ ಆದೀತು. ಎರಡು ಗಂಟೆ ಅಥವಾ ರಾತ್ರಿಯಿಡೀ, ಕೆಲವೇ ದಿನ. ಬಿಗಿ ಕಟ್ಟಬೇಡಿ, ಮಗು ನಡುಗಿದರೆ ಬಿಚ್ಚಿ. ಒಳಗೆ ಸ್ಟೀರಾಯ್ಡ್ ಹಚ್ಚಿ ಸುತ್ತುವುದನ್ನು ವೈದ್ಯರನ್ನು ಕೇಳದೆ ಮಾಡಬೇಡಿ, ಒದ್ದೆ ಪದರದಡಿ ಅದು ಹೆಚ್ಚು ಇಳಿಯುತ್ತದೆ. ಕೀವು ಇದ್ದರೆ ಸುತ್ತಲೇಬೇಡಿ.

ಜೇನಿನ ಬಣ್ಣದ ಹಕ್ಕಳೆ, ಹರಡುತ್ತಿರುವ ಬಿಸಿ ಕೆಂಪು, ಜ್ವರ ಕಂಡರೆ ಅಡುಗೆಮನೆ ಬಾಗಿಲು ಹಾಕಿ ವೈದ್ಯರ ಹತ್ತಿರ ಹೋಗಿ. ಒಂದೇ ಅಳತೆಯ, ಮೊಳೆ ಹೊಡೆದಂಥ ಪುಟ್ಟ ಹುಣ್ಣುಗಳು ನೋವಿನೊಂದಿಗೆ ಎದ್ದರೆ ಅದು ಹರ್ಪಿಸ್ ವೈರಸ್ಸಿನ ಸೋಂಕು ಇರಬಹುದು, ಅವತ್ತೇ ಹೋಗಬೇಕು. ಅಂಚು ಉಬ್ಬಿ ಉಂಗುರದಂತೆ ಹರಡುತ್ತಿದ್ದರೆ ಅದು ಇಸುಬೇ ಅಲ್ಲದೆ ಗಜಕರ್ಣ ಇರಬಹುದು. ಗಜಕರ್ಣ ಶಿಲೀಂಧ್ರದ ಕೆಲಸ, ಅದಕ್ಕೆ ಓಟ್ಸೂ ಉತ್ತರವಲ್ಲ, ಸ್ಟೀರಾಯ್ಡೂ ಅಲ್ಲ.

ಕಾಮೆಂಟಿನಲ್ಲಿ "ಬೇವು ಹಚ್ಚಬಹುದಾ?" ಅಂತ ಕೇಳುವವರು ಎಲೆಯೋ ಎಣ್ಣೆಯೋ, ಎಷ್ಟು ಗ್ರಾಂ, ಎಷ್ಟು ನೀರಿಗೆ, ಎಷ್ಟು ನಿಮಿಷ ಅಂತ ಬರೆದು ಕೇಳಿ. "ಸ್ವಲ್ಪ" ಅಂತ ಬರೆದವರಿಗೆ ನಾನೂ ಸ್ವಲ್ಪವೇ ಉತ್ತರಿಸುತ್ತೇನೆ.