ಮಳೆ ಚೆನ್ನಾಗಿದೆ ಅನ್ನುವವರು ಒಮ್ಮೆ ನಮ್ಮ ಅಂಗಳಕ್ಕೆ ಬನ್ನಿ

ಈ 2025ರಲ್ಲಿ ಯಾರು ಫೋನ್ ಮಾಡಿದರೂ ಮೊದಲ ಮಾತು ಒಂದೇ. "ನಿಮ್ಕಡೆ ಮಳೆ ಚೆನ್ನಾಗಾಯ್ತಂತಲ್ಲ, ಪುಣ್ಯವಂತರು ಬಿಡಿ!" ಬೆಂಗಳೂರಿನ ನೆಂಟರು ಜೋಗದ ವಿಡಿಯೋ ಕಳಿಸ್ತಾರೆ, ಅದೂ ನಮಗೆ. ಲಿಂಗನಮಕ್ಕಿ ತುಂಬಿದರೆ ಟಿವಿಯವರಿಗೆ ಹಬ್ಬ. ನನಗೂ ಬೇಜಾರಿಲ್ಲ. 2023ರ ಬರ ನೋಡಿದ ಮೇಲೆ ಮಳೆ ಬೇಡ ಅನ್ನುವಷ್ಟು ಸೊಕ್ಕು ನಮ್ಮಲ್ಲಿ ಯಾರಿಗೂ ಉಳಿದಿಲ್ಲ. ಆದರೆ ಮಲೆನಾಡಿನ ನಮ್ಮ ಸಾಗರದ ಕಡೆ ಅಡಿಕೆ ಮನೆಯಲ್ಲಿ ಅಕ್ಟೋಬರ್, ನವೆಂಬರ್ ಅಂದರೆ ಏನು ಅಂತ ಗೊತ್ತಿದ್ದವರು ಹೀಗೆ ಮಾತಾಡಲ್ಲ. ಅದು ನಮಗೆ ಒಣಗಿಸುವ ಕಾಲ. ಜೂನ್‌ನಿಂದ ಒದ್ದೆಯಾಗಿ ಕೂತಿದ್ದೆಲ್ಲ ಹೊರಗೆ ಬರಬೇಕು. ಅಡಿಕೆ, ಸೌದೆ, ಹಾಸಿಗೆ, ಮಕ್ಕಳ ಯೂನಿಫಾರಂ, ಆಮೇಲೆ ಭತ್ತ, ಅದರ ಹುಲ್ಲು. ಬಿಸಿಲು ಇಲ್ಲ ಅಂದರೆ ಇಡೀ ಮನೆಯೇ ನಿಂತುಹೋಗುತ್ತೆ.

ಈ ಸಲ ಶುರುವಿನಿಂದಲೇ ಎಲ್ಲ ಹಿಂದುಮುಂದು. ಮುಂಗಾರು ಕೇರಳಕ್ಕೆ ಬರೋದು ಸಾಮಾನ್ಯವಾಗಿ ಜೂನ್ 1ಕ್ಕೆ, ಈ ವರ್ಷ ಮೇ 24ಕ್ಕೇ ಬಂತು. 2009ರ ನಂತರ ಇಷ್ಟು ಬೇಗ ಬಂದಿದ್ದು ಇದೇ. ಪೇಪರಿನಲ್ಲಿ ಅದು ಒಳ್ಳೆ ಸುದ್ದಿ. ನಮಗೆ ತಲೆನೋವು, ಯಾಕಂದ್ರೆ ಮಳೆ ಹಿಡಿಯೋ ಮೊದಲು ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆದಿರಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಲೆಕ್ಕ ಸುಲಭ, ಆದರೆ ಹೊಡೆದದ್ದು ಗೊನೆಯ ಮೇಲೆ ಒಣಗೋಕೆ ಬಿಡುವು ಬೇಕಲ್ಲ. ಆ ಬಿಡುವು ಸಿಗದೆ ಹೋದರೆ ಕೊಳೆರೋಗ. ಜುಲೈ, ಆಗಸ್ಟ್‌ನಲ್ಲಿ ಮರದ ಬುಡದಲ್ಲಿ ಉದುರಿದ ಹಸಿರು ಕಾಯಿ ಗುಡಿಸಿ ಗುಡಿಸಿ ಸಾಕಾಯ್ತು. ಅದು ಹಾಳಾಗಿ ಹೋಗಲಿ, ಉಳಿದಿದ್ದನ್ನಾದರೂ ಸರಿಯಾಗಿ ಒಣಗಿಸೋಣ ಅಂದರೆ ಈಗ ಒಣಗಿಸುವ ಕಾಲದಲ್ಲೂ ಬಿಡದ ಈ ಮಳೆ.

ಅಡಿಕೆ ಗೊತ್ತಿಲ್ಲದವರು ಕೇಳ್ತಾರೆ, "ಮಳೆ ನಿಂತ ಮೇಲೆ ಕೊಯ್ಸಿ, ಅದಕ್ಕೇನಂತೆ?" ಹಾಗೆ ಆಗಲ್ಲ. ಕೆಂಪಡಿಕೆಗೆ ಕಾಯಿ ಹದವಾಗಿ ಬಲಿತಾಗಲೇ ಕೊಯ್ಯಬೇಕು. ಬಿಟ್ಟರೆ ಹಣ್ಣಾಗಿ, ಸಿಪ್ಪೆ ಸಮೇತ ಒಣಗಿಸುವ ಗೋಟಾಗುತ್ತೆ, ರೇಟು ಇಳಿಯುತ್ತೆ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು ನಮ್ಮ ಮೋಡ ನೋಡಿ ಬರೋದಿಲ್ಲ, ಅವರ ಪಾಳಿ ಬಂದ ದಿನ ಬರ್ತಾರೆ. ಕೊಯ್ದ ಮೇಲೆ ಸುಲಿಯಲೇಬೇಕು, ಸುಲಿದದ್ದನ್ನು ಬೇಯಿಸಲೇಬೇಕು, ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರಿನ) ಹಂಡೆಯಿಂದ ತೆಗೆದ ಮೇಲೆ ಬಿಸಿಲಿಗೆ ಹರಡಲೇಬೇಕು. ಒಮ್ಮೆ ಶುರುವಾದರೆ ಮಧ್ಯೆ ನಿಲ್ಲಿಸುವ ಹಾಗೇ ಇಲ್ಲ. ಒಳ್ಳೆ ಬಿಸಿಲಿದ್ದರೆ ವಾರದೊಳಗೆ ಮುಗಿಯುವ ಕೆಲಸ. ಮೋಡ ಮುಸುಕಿದರೆ ಎರಡನೇ ದಿನಕ್ಕೇ ಕೈಗೆ ಲೋಳೆ ಲೋಳೆ ಹತ್ತುತ್ತೆ, ಮೂರನೇ ದಿನ ತೊಟ್ಟಿನ ಹತ್ತಿರ ಬಿಳಿ ಬೂಸು. ಆಮೇಲೆ ಎಷ್ಟು ಒಣಗಿಸಿದರೂ ಆ ಹೊಳಪು ಬರಲ್ಲ. ಅಡಿಕೆ ಮಂಡಿಯಲ್ಲಿ ಒಂದು ಹಿಡಿ ಕೈಗೆತ್ತಿಕೊಂಡು, ಮೂಗಿನ ಹತ್ತಿರ ಹಿಡಿದು, ಏನೂ ಹೇಳದೆ ವಾಪಸ್ ಚೀಲಕ್ಕೆ ಹಾಕ್ತಾರಲ್ಲ, ಅಷ್ಟೇ ಸಾಕು, ಗೊತ್ತಾಗುತ್ತೆ.

ಹಾಗಾಗಿ ನಮ್ಮ ದಿನ ಈಗ ಟಾರ್ಪಾಲಿನ ಸುತ್ತ. ಬೆಳಿಗ್ಗೆ ತೆಗೆ, ಹರಡು, ತಿರುವು. ಹನ್ನೊಂದಕ್ಕೆ ಒಂದು ಮೋಡ ಬಂತಾ, ಓಡು. ಒಲೆ ಮೇಲೆ ದೋಸೆ ಇರಲಿ, ಕೈಯಲ್ಲಿ ಮಗು ಇರಲಿ. ಅತ್ತೆ ಹಿತ್ತಲಿಂದಲೇ ಕೂಗ್ತಾರೆ, "ಮೋಡ ನೋಡ್ತಾ ನಿಂತ್ರೆ ಆಗಲ್ಲ ಕಣೇ, ಎಳಿ ಆ ಕಡೆ ತುದಿ!" ಎಳೆದು ಮುಚ್ಚಿ, ಕಲ್ಲು ಹೇರಿ, ಒಳಗೆ ಬಂದು ತಲೆ ಒರೆಸಿಕೊಳ್ಳುವಷ್ಟರಲ್ಲಿ ಸುಡು ಬಿಸಿಲು. ಮುಚ್ಚಿಟ್ಟರೆ ಒಳಗೆ ಬೆವರಿ ಇನ್ನೂ ಹಾಳು, ಮತ್ತೆ ತೆಗಿ. ಗಂಡಸರು ತೋಟದಲ್ಲಿರ್ತಾರೆ, ಇಲ್ಲ ಪೇಟೆಗೆ ಹೋಗಿರ್ತಾರೆ. ಮನೆಯಲ್ಲಿ ಇರುವವರು ನಾವು. ಹವಾಮಾನ ವೈಪರೀತ್ಯ ಅಂತ ಭಾಷಣ ಮಾಡ್ತಾರಲ್ಲ, ಅದರ ಕೂಲಿ ಇಲ್ಲದ ಕೆಲಸ ಯಾರ ಪಾಲಿಗೆ ಬಿತ್ತು ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ?

ಹಬ್ಬವನ್ನೂ ಬಿಡಲಿಲ್ಲ. ಭೂಮಿ ಹುಣ್ಣಿಮೆಗೆ ಅತ್ತೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಬರೀತಾರೆ. ಬಿದಿರಿನ ಬುಟ್ಟಿಗೆ ಸೆಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದೂ ಒಣಗಿದ ಮೇಲೆ ಅಕ್ಕಿ ಹಿಟ್ಟಿನಲ್ಲಿ ಪುಂಡಿ ನಾರಿನಿಂದ ಗೆರೆ ಎಳೀಬೇಕು. ಈ ಸಲ ಕೆಮ್ಮಣ್ಣೇ ಒಣಗಲಿಲ್ಲ. ಬಚ್ಚಲು ಒಲೆಯ ಪಕ್ಕ ಇಟ್ಟು, ತಿರುಗಿಸಿ ತಿರುಗಿಸಿ ಒಣಗಿಸಿದೆವು, ಒಂದು ಕಡೆ ಹೊಗೆ ಹಿಡಿದು ಕಪ್ಪಾಯ್ತು. ಅತ್ತೆಗೆ ಸಮಾಧಾನವಿಲ್ಲ. "ಭತ್ತದ ಸಸಿ ಬರೆದ್ರೆ ಅದಕ್ಕೂ ರೋಗ ಬಂದಂಗೆ ಕಾಣುತ್ತೆ" ಅಂದರು. ನಗು ಬಂತು, ಆದರೆ ಗದ್ದೆಯಲ್ಲೂ ಕತೆ ಅದೇ. ತೆನೆ ಹೂ ಬಿಡುವ ಹೊತ್ತಿಗೆ ಜೋರು ಮಳೆ ಹೊಡೆದರೆ ಕಾಳು ಕಟ್ಟಲ್ಲ, ಜೊಳ್ಳು. ಕೊಯ್ಲಿಗೆ ಹೊಡೆದರೆ ಮಲಗಿದ ಭತ್ತ ನೆಲದಲ್ಲೇ ಮೊಳಕೆ ಒಡೆಯುತ್ತೆ.

ಹಳಬರು ಹೇಳುವ "ಸ್ವಾತಿ ಮಳೆ ಮುತ್ತಿನ ಬೆಳೆ" ಅಂತ ಅಕ್ಟೋಬರ್ ಕೊನೆಯ ಮಳೆಗೆ ಗಾದೆ ಇದೆಯಲ್ಲ, ಅದು ಬಯಲುಸೀಮೆಯವರದ್ದೇ ಇರಬೇಕು ಅಂತ ನನಗೆ ಗುಮಾನಿ. ಹಿಂಗಾರಿ ಜೋಳ, ಕಡಲೆ ಬಿತ್ತಿದವರಿಗೆ ಆ ಹನಿ ನಿಜವಾಗಿಯೂ ಮುತ್ತು. ನಮ್ಮ ಅಂಗಳಕ್ಕೆ ಅದೇ ಹನಿ ಬಿದ್ದರೆ ಬೂಸು. ಹಾಗಾಗಿ ರಾಜ್ಯಕ್ಕೆಲ್ಲ ಸೇರಿಸಿ ಇಷ್ಟು ಶೇಕಡಾ ಹೆಚ್ಚು ಮಳೆ, ಇಷ್ಟು ಕಡಿಮೆ ಅಂತ ಹೇಳಿದರೆ ನನಗೆ ಏನೂ ಹೇಳಿದ ಹಾಗಾಗಲ್ಲ. ಯಾವಾಗ ಬಿತ್ತು ಅಂತ ಹೇಳಿ. ವಿಮೆಯೂ ಅಷ್ಟೇ. ಹವಾಮಾನ ಆಧಾರಿತ ಬೆಳೆ ವಿಮೆಗೆ ಪಂಚಾಯ್ತಿಯ ಮಳೆಮಾಪಕದ ಮಿಲಿಮೀಟರ್ ಬೇಕು. ಬೇಯಿಸಿ ಹರಡಿದ ಅಡಿಕೆಯ ಮೇಲೆ ಬಿದ್ದ ಅರ್ಧ ಗಂಟೆ ಮಳೆಯ ನಷ್ಟ ಅದು ಅಳೆಯಲ್ಲ.

ಇದು ಇದೊಂದೇ ವರ್ಷದ್ದು, ಮುಂದಿನ ವರ್ಷ ಸರಿಹೋಗುತ್ತೆ ಅನ್ನೋದನ್ನ ನಾನು ಬಿಟ್ಟಿದ್ದೇನೆ. 2019ರ ದೀಪಾವಳಿಗೆ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ ಎದ್ದಿತ್ತು. 2007ರ ಗೋನು ಬಿಟ್ಟರೆ ಆ ಸಮುದ್ರದಲ್ಲಿ ಅಷ್ಟು ದೊಡ್ಡದು ಬಂದಿರಲಿಲ್ಲ. 2021ರ ನವೆಂಬರ್‌ನಲ್ಲಂತೂ ವಾಯುಭಾರ ಕುಸಿತದ ಮೇಲೆ ಕುಸಿತ. ಚಿಕ್ಕಮಗಳೂರು, ಕೊಡಗಿನಲ್ಲಿ ಕಾಫಿ ಹಣ್ಣು ಗಿಡದಲ್ಲೇ ಉದುರಿತು, ಕೋಲಾರದ ಟೊಮೆಟೊ ಹೊಲದಲ್ಲೇ ಕೊಳೆತು ಎಲ್ಲರಿಗೂ ರೇಟಿನ ಬಿಸಿ ಮುಟ್ಟಿತು. ಸಮುದ್ರ ಬಿಸಿಯಾಗ್ತಿದೆ, ಅಕ್ಟೋಬರ್ ಅದಕ್ಕೆ ತಕ್ಕ ಹಾಗೆ ಇರುತ್ತೆ.

ಹಾಗಾದರೆ ಮಾಡೋದೇನು? ಫಸಲನ್ನು ಮರದಲ್ಲಿರುವಾಗಲೇ ಖೇಣಿಗೆ (ಗುತ್ತಿಗೆಗೆ) ಕೊಟ್ಟುಬಿಡಿ ಅಂತಾರೆ ಕೆಲವರು. ಕೊಟ್ಟರೆ ತಲೆನೋವು ಖೇಣಿದಾರರಿಗೆ, ಜೊತೆಗೆ ಲಾಭವೂ. ದೊಡ್ಡ ತೋಟದವರು ಡ್ರೈಯರ್ ಹಾಕಿಸಿದ್ದಾರೆ, ಪಾಲಿಹೌಸ್ ಥರ ಶೀಟು ಹೊದಿಸಿದ ಮನೆ ಕಟ್ಟಿಸಿದ್ದಾರೆ. ನಮ್ಮಂಥ ಎಕರೆ, ಎರಡೆಕರೆಯವರು ಒಬ್ಬೊಬ್ಬರೇ ಅದನ್ನು ಹಾಕಿಸೋದು ಹುಚ್ಚು ಖರ್ಚು. ಆದರೆ ಊರಿಗೊಂದು, ಇಲ್ಲ ನಾಲ್ಕು ಮನೆಗೊಂದು ಯಾಕಾಗಬಾರದು? ಸುಲಿಯುವ ಮೆಷಿನ್ ಬಾಡಿಗೆಗೆ ಬಂತು, ಯಾರೂ ಬೇಡ ಅನ್ನಲಿಲ್ಲ. ಒಣಗಿಸೋದು ಮಾತ್ರ ಇನ್ನೂ ಹೆಂಗಸರ ಕಣ್ಣು, ಕಾಲಿನ ಮೇಲೇ ನಡೀಬೇಕಾ? ಸಹಕಾರಿ ಸಂಘದ ಸಭೆಯಲ್ಲಿ ರಸ್ತೆ, ಗೊಬ್ಬರ, ಸಾಲ ಎಲ್ಲ ಚರ್ಚೆಯಾಗುತ್ತೆ, ಇದು ಬರಲ್ಲ. ಆ ಸಭೆಗೆ ಹೋಗೋರು ಟಾರ್ಪಾಲು ಎಳೆದೋರಲ್ಲ, ಅದಕ್ಕೇ. ಮುಂದಿನ ಸಭೆಗೆ ನಾನೇ ಹೋಗ್ತೀನಿ ಅಂತ ನಮ್ಮವರಿಗೆ ಹೇಳಿದ್ದೇನೆ. ಅತ್ತೆಯೂ ಬರ್ತಾರಂತೆ.

ಅದಕ್ಕೆ ಮೊದಲು ನನಗೆ ಒಂದಿಷ್ಟು ಮಾಹಿತಿ ಬೇಕು. ತೀರ್ಥಹಳ್ಳಿ, ಹೊಸನಗರ, ಶಿರಸಿ ಕಡೆ ಸೌದೆ ಉರಿಸುವ ಡ್ರೈಯರ್ ಹಾಕಿಸಿದವರು ಇದ್ದರೆ ದಯವಿಟ್ಟು ಹೇಳಿ. ಒಂದು ಸಲಕ್ಕೆ ಸೌದೆ ಎಷ್ಟು ಹಿಡೀತು, ರಾತ್ರಿ ಯಾರಾದರೂ ಎದ್ದು ನೋಡ್ತಾ ಇರಬೇಕಾ, ಬೇಯಿಸಿದ ಅಡಿಕೆಯ ಬಣ್ಣ ಬಿಸಿಲಿನದ್ದರ ಹತ್ತಿರ ಬಂತಾ, ಹೊಗೆ ವಾಸನೆ ಅಂತ ಮಂಡಿಯಲ್ಲಿ ರೇಟು ಮುರಿದರಾ? ಕಂಪನಿಯವರ ವಿಡಿಯೋ ಕಳಿಸಬೇಡಿ, ನೋಡಾಗಿದೆ. ಬಳಸಿದವರು, ಅದರಲ್ಲೂ ಬಳಸಿದ ಹೆಂಗಸರು ಬರೀರಿ.