ಸ್ಪಷ್ಟನೆ: ನೀಲಿ ಝೀರೋ ಬಲ್ಬಿನಿಂದ ಮೊಡವೆ ವಾಸಿಯಾಗುವುದಿಲ್ಲ

ನೀಲಿ ಝೀರೋ ಬಲ್ಬಿನ ಹತ್ತಿರ ಮುಖವಿಟ್ಟು ದಿನಕ್ಕೆ ಅರ್ಧ ಗಂಟೆ ಕುಳಿತರೆ ವಾರದೊಳಗೆ ಮೊಡವೆ ಮಾಯವಾಗುತ್ತದೆ ಎಂಬ ವಾಟ್ಸಾಪ್ ಸಂದೇಶವೊಂದು ದಾವಣಗೆರೆಯ ಹಾಸ್ಟೆಲುಗಳಲ್ಲಿ ಹರಿದಾಡುತ್ತಿದೆ. ಅದರಲ್ಲಿ ಸತ್ಯದ ಎಳೆಯೊಂದಿದೆ. ಆದರೆ ಆ ಬೆಳಕೇ ಬೇರೆ.

ಮೊಡವೆಯಲ್ಲಿ ಪಾಲುಳ್ಳ ಬ್ಯಾಕ್ಟೀರಿಯಾಗಳು ಪಾರ್ಫಿರಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಅದರ ಮೇಲೆ ಸುಮಾರು 415 ನ್ಯಾನೋಮೀಟರ್ ತರಂಗಾಂತರದ, ನೇರಳೆಗೆ ಹತ್ತಿರವಾದ ನೀಲಿ ಬೆಳಕು ಬಿದ್ದಾಗ ಹುಟ್ಟುವ ಕ್ರಿಯಾಶೀಲ ಆಮ್ಲಜನಕವು ಅವೇ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಚಿಕಿತ್ಸೆಯ ಉಪಕರಣಗಳು ಈ ಬೆಳಕನ್ನು ನಿಗದಿತ ತೀವ್ರತೆಯಲ್ಲಿ, ಕಣ್ಣಿಗೆ ರಕ್ಷಣೆ ಕೊಟ್ಟು, ಹಲವು ವಾರಗಳ ಕಾಲ ನೀಡುತ್ತವೆ. ಹಳೆಯ ಝೀರೋ ಬಲ್ಬಿನಲ್ಲಿ ನೀಲಿಯಾಗಿರುವುದು ಗಾಜಿಗೆ ಬಳಿದ ಬಣ್ಣವಷ್ಟೇ; ಕೆನ್ನೆಗೆ ತಾಗುವುದು ಅದರ ಬಿಸಿ.

ಸರಿಯಾದ ಉಪಕರಣದ ಬಗೆಗೂ ಅತಿಯಾಗಿ ಹೇಳುವಂತಿಲ್ಲ. ಬೆಳಕಿನ ಚಿಕಿತ್ಸೆಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2016ರ ವಿಮರ್ಶೆಗೂ ಗಟ್ಟಿಯಾದ ಪುರಾವೆ ಸಿಗಲಿಲ್ಲ.

ಬಲ್ಬಿನ ಮಾತಿಗಿಂತ ನಮಗೆ ಹೆಚ್ಚು ಆತಂಕ ತಂದದ್ದು, ಮೊದಲು ನಿಂಬೆರಸ ಹಚ್ಚಿಕೊಳ್ಳಿ ಎಂಬ ಸಂದೇಶದ ಕೊನೆಯ ಸಾಲು. ನಿಂಬೆರಸ ಹಚ್ಚಿದ ಚರ್ಮಕ್ಕೆ ನಮ್ಮೂರಿನ ಬಿಸಿಲು ತಗುಲಿದರೆ ಸುಟ್ಟಂತೆ ಬೊಬ್ಬೆಯೇಳಬಹುದು, ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು.